ಪಾಲಿಕೆ ನೌಕರರ ರಾಜಕೀಯ: ನಿಯಮ ಹೆಗಲ ಮೇಲಿನ ಶಲ್ಯ ನೋಡುತ್ತೆ, ಫೈಲು ನೋಡಲ್ಲ

2025ರ ಅಕ್ಟೋಬರ್ 12ರಂದು ಲಿಂಗಸುಗೂರಿನಲ್ಲಿ ಆರೆಸ್ಸೆಸ್ ಪಥಸಂಚಲನ ನಡೆಯಿತು. ಸಂಘಕ್ಕೆ ನೂರು ವರ್ಷ ಆಯಿತೆಂದು ಆಗ ರಾಜ್ಯದ ಊರೂರಲ್ಲೂ ಇಂಥ ಸಂಚಲನಗಳು ನಡೆಯುತ್ತಿದ್ದವು. ಲಿಂಗಸುಗೂರಿನದು ಸುದ್ದಿಯಾಗಿದ್ದು ಬೇರೆ ಕಾರಣಕ್ಕೆ. ಗಣವೇಷ ಹಾಕಿ ಸಾಲಲ್ಲಿ ನಡೆದವರಲ್ಲಿ ಸಿರವಾರ ತಾಲೂಕಿನ ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇದ್ದರು. ಕೆಲವೇ ದಿನದಲ್ಲಿ ಅವರ ಕೈಗೆ ಅಮಾನತು ಆದೇಶ ಬಂತು. ಅವರು ಆಡಳಿತ ನ್ಯಾಯಮಂಡಳಿಗೆ ಹೋದರು, ಅಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು.

ಟಿವಿಯಲ್ಲಿ ಇದು ಕಾಂಗ್ರೆಸ್ಸು, ಬಿಜೆಪಿ ಜಗಳವಾಗಿ ಮುಗಿಯಿತು. ಆದರೆ ರಾಯಚೂರು, ಸಿಂಧನೂರು, ಕೊಪ್ಪಳ, ಬಳ್ಳಾರಿಯ ನಗರಾಡಳಿತ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಇದು ಟಿವಿ ಜಗಳ ಅಲ್ಲ. ಪಿಡಿಒಗೆ ಯಾವ ನಿಯಮವೋ ಸುಮಾರು ಅದೇ ನಿಯಮ ಪಾಲಿಕೆಯ ಬಿಲ್ ಕಲೆಕ್ಟರ್‌ಗೂ ಇದೆ, ಆರೋಗ್ಯ ನಿರೀಕ್ಷಕರಿಗೂ ಇದೆ, ಕಾಯಂ ಆದ ಪೌರಕಾರ್ಮಿಕರಿಗೂ ಇದೆ. ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ ಸಿಗುವ ಉತ್ತರ ಮಾತ್ರ ಒಂದೇ: "ರಾಜಕೀಯ ಮಾಡಬಾರದು ಅಷ್ಟೇ ರೀ." ಅಷ್ಟೇನಾ?

ಮೊದಲು ನಿಯಮವನ್ನೇ ನೋಡೋಣ. ರಾಜ್ಯದಲ್ಲಿ ಬಹಳ ವರ್ಷ ನಡೆದದ್ದು 1966ರ ನಡತೆ ನಿಯಮಗಳು. ಅವುಗಳ ಜಾಗಕ್ಕೆ ಬಂದಿರುವುದು ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳು, 2021. ಎರಡರಲ್ಲೂ ರಾಜಕೀಯದ ಮಾತು ಬರುವುದು ಐದನೇ ನಿಯಮದಲ್ಲಿ. ನೌಕರ ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಿರಬಾರದು. ರಾಜಕೀಯದಲ್ಲಿ ಭಾಗವಹಿಸುವ ಯಾವ ಸಂಘಟನೆಯ ಜೊತೆಗೂ ನಂಟು ಇರಬಾರದು. ಚಂದಾ ಕೊಡಬಾರದು, ಬೇರೆ ರೀತಿ ನೆರವಾಗಬಾರದು. ಶಾಸನಸಭೆಯಾಗಲಿ ಸ್ಥಳೀಯ ಸಂಸ್ಥೆಯಾಗಲಿ, ಚುನಾವಣೆಯಲ್ಲಿ ಮತ ಕೇಳಬಾರದು, ಪ್ರಭಾವ ಬಳಸಬಾರದು. ಮತ ಹಾಕಬಹುದು, ಆದರೆ ಯಾರಿಗೆ ಹಾಕಿದೆ, ಯಾರಿಗೆ ಹಾಕುತ್ತೇನೆ ಎಂಬ ಸುಳಿವನ್ನೂ ಕೊಡಬಾರದು. ಮೈಮೇಲೆ, ಗಾಡಿ ಮೇಲೆ, ಮನೆ ಮೇಲೆ ಪಕ್ಷದ ಚಿಹ್ನೆ ತೋರಿಸಿದರೂ ಅದು ಪ್ರಭಾವ ಬಳಸಿದಂತೆಯೇ.

ಬೆರಳಿನ ಶಾಯಿ ತೋರಿಸಿ ಸೆಲ್ಫಿ ಹಾಕಬಹುದು ಅಂತಾಯಿತು. ಅದರ ಕೆಳಗೆ ಕಮಲದ್ದೋ ಕೈಯದ್ದೋ ಇಮೋಜಿ ಒತ್ತಿದರೆ ಕೆಟ್ಟಿತು.

ಇಷ್ಟು ಸಲೀಸು. ಇನ್ನು ಮುಂದಿನದು ಸಲೀಸಿಲ್ಲ. "ರಾಜಕೀಯದಲ್ಲಿ ಭಾಗವಹಿಸುವ ಸಂಘಟನೆ" ಯಾವುದು ಎಂದು ಯಾರು ಹೇಳಬೇಕು? ಆ ಪ್ರಶ್ನೆ ಎದ್ದರೆ ಸರ್ಕಾರದ ತೀರ್ಮಾನವೇ ಕೊನೆ ಎಂದು ನಿಯಮವೇ ಹೇಳುತ್ತದೆ. ಸರ್ಕಾರ ಎಂದರೆ ಆ ಹೊತ್ತಿಗೆ ಕುರ್ಚಿಯಲ್ಲಿರುವ ಪಕ್ಷ. ಆರೆಸ್ಸೆಸ್ ವಿಷಯದಲ್ಲೇ ಇದು ಕಣ್ಣಿಗೆ ಕಾಣುತ್ತದೆ. ಕೇಂದ್ರ ಸರ್ಕಾರ 1966, 1970 ಮತ್ತು 1980ರ ಸುತ್ತೋಲೆಗಳಲ್ಲಿ ತನ್ನ ನೌಕರರು ಸಂಘದ ಚಟುವಟಿಕೆಗೆ ಹೋಗಬಾರದು ಅಂದಿತ್ತು. 2024ರ ಜುಲೈನಲ್ಲಿ ಆ ಸುತ್ತೋಲೆಗಳಿಂದ ಸಂಘದ ಹೆಸರನ್ನು ತೆಗೆಯಿತು. ಮರುವರ್ಷ ಕರ್ನಾಟಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವ ಪ್ರಿಯಾಂಕ್ ಖರ್ಗೆ ಇದೇ ಐದನೇ ನಿಯಮ ತೋರಿಸಿ, ಸಂಘದ ಕಾರ್ಯಕ್ರಮಕ್ಕೆ ಹೋದ ನೌಕರರ ಮೇಲೆ ಕ್ರಮ ಆಗಬೇಕೆಂದು ಮುಖ್ಯಮಂತ್ರಿಗೆ ಪತ್ರ ಬರೆದರು. ಹೀಗಾಗಿ ಅದೇ ರಾಯಚೂರಿನಲ್ಲಿ ರೈಲ್ವೆ ನೌಕರ ಸಂಚಲನದಲ್ಲಿ ನಡೆದರೆ ಒಂದು, ನಗರಾಡಳಿತದ ನೌಕರ ನಡೆದರೆ ಇನ್ನೊಂದು. ಆರೆಸ್ಸೆಸ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನೌಕರನ ಕಡೆಯಿಂದ ನೋಡಿದರೆ ಇದು ಕಷ್ಟದ ಸ್ಥಿತಿ. ಇವತ್ತು ಸರಿ ಇದ್ದದ್ದು ಸರ್ಕಾರ ಬದಲಾದ ಮೇಲೆ ತಪ್ಪಾಗಬಹುದು. ನಾಳೆ ಇದೇ ಅಳತೆಯನ್ನು ಒಂದು ರೈತ ಸಂಘಕ್ಕೋ ದಲಿತ ಸಂಘಟನೆಗೋ ಹಾಕಿದರೆ ಬೇಡ ಅನ್ನೋಕೆ ನಿಯಮದಲ್ಲಿ ಏನೂ ಇಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಸರ್ಕಾರಗಳಿಗಿಂತ ಸ್ವಲ್ಪ ಉದಾರವಾಗಿವೆ. ಮಧ್ಯಪ್ರದೇಶದ ಒಬ್ಬ ಮೇಷ್ಟ್ರ ಪ್ರಕರಣ ನೋಡಿ. ಅವರು ಪುರಸಭೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ಅಂದರೆ ನಮ್ಮ ವಿಷಯದವರೇ. ಶಾಲೆಯನ್ನು ಸರ್ಕಾರ ವಹಿಸಿಕೊಂಡಾಗ ಅವರೂ ಸರ್ಕಾರಿ ಸೇವೆಗೆ ಬಂದರು. ಹಿಂದೆ ಆರೆಸ್ಸೆಸ್, ಜನಸಂಘದಲ್ಲಿ ಓಡಾಡಿದ್ದರು ಎಂಬ ಪೊಲೀಸ್ ವರದಿ ಬಂದು ಕೆಲಸ ಹೋಯಿತು. 1983ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕೆಲಸಕ್ಕೆ ಸೇರುವ ಮೊದಲು ಯಾವ ಪಕ್ಷದ ಜೊತೆಗಿದ್ದ ಎಂದು ನೋಡಿ ನೌಕರಿ ಕಿತ್ತುಕೊಳ್ಳುವುದು ನಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲ ಎಂಬುದು ಅದರ ನಿಲುವು. ಸೇವೆಯಲ್ಲಿ ಇರುವಾಗಿನ ಮಾತು ಬೇರೆ, ಅದಕ್ಕೆ ಈ ತೀರ್ಪು ರಕ್ಷಣೆ ಕೊಡುವುದಿಲ್ಲ. ಆದರೆ ಕಾಲೇಜು ದಿನಗಳಲ್ಲಿ ಎಸ್‌ಎಫ್‌ಐಯಲ್ಲೋ ಎಬಿವಿಪಿಯಲ್ಲೋ ಇದ್ದೆ ಎಂದು ಈಗ ಹೆದರುವವರು ಹೆದರಬೇಕಿಲ್ಲ.

ಸೇವೆಯಲ್ಲಿದ್ದಾಗ ಸಭೆಗೆ ಹೋದರೆ? ಇಲ್ಲಿ ಬಳ್ಳಾರಿಯ ಮುನ್ಸಿಪಲ್ ಮೈದಾನವನ್ನು ಕಣ್ಣ ಮುಂದೆ ತಂದುಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಭಾರತ್ ಜೋಡೋ ಯಾತ್ರೆಯ ದೊಡ್ಡ ಸಭೆ ನಡೆದದ್ದು ಅಲ್ಲೇ. ಯಾವ ಪಕ್ಷದ ಸಭೆ ಇದ್ದರೂ ಹಿಂದಿನ ದಿನ ಮೈದಾನ ಗುಡಿಸುವವರು, ನೀರಿನ ಟ್ಯಾಂಕರ್ ತಂದು ನಿಲ್ಲಿಸುವವರು, ಮೊಬೈಲ್ ಶೌಚಾಲಯ ಇಡುವವರು ಪಾಲಿಕೆಯ ಜನ. ಸಭೆ ಮುಗಿದ ಮೇಲೆ ನೀರಿನ ಪ್ಯಾಕೆಟ್ಟು, ಊಟದ ತಟ್ಟೆ, ತುಂಡಾದ ಬಂಟಿಂಗ್ಸ್ ಎತ್ತುವವರೂ ಅವರೇ. ಸಭೆಯ ಫೋಟೋ ತೆಗೆದರೆ ಅದರಲ್ಲಿ ಅವರೂ ಇರುತ್ತಾರೆ. ಡ್ಯೂಟಿ ಮೇಲೆ ಇದ್ದರು ಅನ್ನುವುದಕ್ಕೆ ಹಾಜರಿ ಪುಸ್ತಕ ಬಿಟ್ಟರೆ ಬೇರೆ ಗುರುತಿಲ್ಲ. ಹಾಗಾಗಿ ಫೋಟೋದಲ್ಲಿ ಕಂಡರು ಎಂಬುದಷ್ಟೇ ಸಾಕ್ಷಿಯಾಗಬಾರದು.

ಕೇಂದ್ರ ಸರ್ಕಾರಿ ನೌಕರರ ವಿಷಯದಲ್ಲಿ ಗೃಹ ಸಚಿವಾಲಯ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಇದಕ್ಕೊಂದು ಅಳತೆ ಹಾಕಿತ್ತು. ಸಭೆ ಎಲ್ಲರಿಗೂ ತೆರೆದದ್ದಾ, ಪಕ್ಷದವರಿಗೆ ಮಾತ್ರ ಇದ್ದದ್ದಾ? ನಿಷೇಧಾಜ್ಞೆ ಇತ್ತಾ? ನೌಕರ ಮಾತಾಡಿದನಾ, ಸಂಘಟನೆಯಲ್ಲಿ ಮುಂದೆ ನಿಂತನಾ? ತೆರೆದ ಸಭೆಗೆ ಸುಮ್ನೆ ಹೋಗಿ ಕೇಳಿ ಬಂದರೆ ಅದೊಂದೇ ತಪ್ಪಲ್ಲ. ಒಂದೇ ಪಕ್ಷದ ಸಭೆಗೆ ಪದೇ ಪದೇ ಹೋದರೆ ಮಾತ್ರ ಅನುಮಾನ ಹುಟ್ಟುತ್ತದೆ. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟ್ ಇದೇ ದಾರಿಯಲ್ಲಿ ನಡೆಯಿತು. ನಿವೃತ್ತಿಗೆ ಕೆಲವೇ ದಿನ ಉಳಿದಿದ್ದ ಒಬ್ಬ ಮಹಿಳಾ ನೌಕರರ ಮೇಲೆ ಪಕ್ಷದ ರ‍್ಯಾಲಿಗೆ ಹೋದರು, ಫೇಸ್‌ಬುಕ್‌ನಲ್ಲಿ ಬರೆದರು ಎಂಬ ಆರೋಪ ಇತ್ತು. ಕೋರ್ಟ್ ಶಿಸ್ತುಕ್ರಮ ರದ್ದು ಮಾಡಿತು. ಹೆಸರಾಂತ ನಾಯಕರು ಬಂದರೆ ಜನ ಸೇರುತ್ತಾರೆ, ಸೇರಿದವರೆಲ್ಲ ಆ ಪಕ್ಷದವರಲ್ಲ. ನೌಕರನಾದ ಮಾತ್ರಕ್ಕೆ ಮಾತಾಡುವ ಹಕ್ಕು ಪೂರ್ತಿ ಹೋಗುವುದಿಲ್ಲ ಎಂಬುದು ಅದರ ತಿರುಳು. ಅದು ಬೇರೆ ರಾಜ್ಯದ ಹೈಕೋರ್ಟ್, ನಮ್ಮಲ್ಲಿ ಪಾಲಿಸಲೇಬೇಕು ಅಂತಿಲ್ಲ. ಆದರೆ ಅಲ್ಲಿನ ನಿಯಮದ ಮಾತುಗಳೂ ನಮ್ಮವಂತೆಯೇ ಇವೆ. ಅಮಾನತಾದವರ ವಕೀಲರು ಅದನ್ನು ಎತ್ತಿ ಹಿಡಿಯಬಹುದು.

ಗಣವೇಷ ಹಾಕಿ ಸಾಲಲ್ಲಿ ನಡೆಯುವುದು ಸುಮ್ನೆ ಕೇಳಿ ಬರುವುದಕ್ಕಿಂತ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಹಾಗಾಗಿ ಲಿಂಗಸುಗೂರಿನಂಥ ಪ್ರಕರಣದಲ್ಲಿ ಕೊನೆಗೆ ನಿಲ್ಲುವ ಪ್ರಶ್ನೆ "ಭಾಗವಹಿಸಿದರಾ" ಅನ್ನುವುದಲ್ಲ. "ಅದು ರಾಜಕೀಯ ಸಂಘಟನೆಯಾ" ಅನ್ನುವುದು.

ಇನ್ನು ಮನೆಯ ಮಾತು. ನಮ್ಮ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ವಾರ್ಡು ಮಹಿಳೆಗೆ ಬಂದ ಕೂಡಲೇ ಮನೆಯಲ್ಲಿ ಯಾರನ್ನು ನಿಲ್ಲಿಸೋಣ ಅನ್ನುವ ಲೆಕ್ಕ ಶುರುವಾಗುತ್ತದೆ. ಗಂಡ ಸರ್ಕಾರಿ ನೌಕರ ಆಗಿದ್ದರೂ ಹೆಂಡತಿ ನಿಲ್ಲಬಹುದು, ಅವರ ರಾಜಕೀಯ ಹಕ್ಕನ್ನು ಗಂಡನ ನೌಕರಿ ಕಿತ್ತುಕೊಳ್ಳುವುದಿಲ್ಲ. ತೊಂದರೆ ಆಮೇಲಿನದು. ಗಂಡ ಓಣಿಯಲ್ಲಿ ಮತ ಕೇಳುವಂತಿಲ್ಲ. ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕುವುದು ಕೂಡ ಚುನಾವಣೆಯಲ್ಲಿ ಪಾಲ್ಗೊಂಡಂತೆ ಎಂಬುದು ಕೇಂದ್ರ ನೌಕರರ ವಿಷಯದಲ್ಲಿ ಎಂದೋ ತೀರ್ಮಾನ ಆಗಿರುವ ಸಂಗತಿ. ಆದರೆ ಸದಸ್ಯೆಯ ಪತಿಯೇ ಸಭೆ, ಸೈಟು, ಕಾಮಗಾರಿ ಎಲ್ಲ ನೋಡಿಕೊಳ್ಳುವ ಪದ್ಧತಿ ನಮ್ಮ ಕಡೆ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಆ ಪತಿ ಇನ್ನೊಂದು ಇಲಾಖೆಯ ನೌಕರ ಆಗಿದ್ದರೆ ಐದನೇ ನಿಯಮ ಎಲ್ಲಿ ಹೋಗುತ್ತದೆ? ಯಾರೂ ಕೇಳುವುದಿಲ್ಲ.

ಜಾತಿ ಸಮಾವೇಶಗಳದ್ದು ಇನ್ನೂ ತಮಾಷೆ. ನಮ್ಮ ಮೂರು ಜಿಲ್ಲೆಗಳಲ್ಲಿ ಪ್ರತಿ ಸಮುದಾಯಕ್ಕೂ ನೌಕರರ ಸಂಘ ಇದೆ. ಜಯಂತಿ ಮಾಡುತ್ತಾರೆ, ಪ್ರತಿಭಾ ಪುರಸ್ಕಾರ ಮಾಡುತ್ತಾರೆ, ಒಳ್ಳೇ ಕೆಲಸ. ವೇದಿಕೆ ಮೇಲೆ ಅದೇ ಸಮುದಾಯದ ಶಾಸಕ, ಟಿಕೆಟ್ ಬಯಸುವ ಇಬ್ಬರು, ಮಾಜಿ ಒಬ್ಬರು ಕೂತಿರುತ್ತಾರೆ. "ಮುಂದಿನ ಸಲ ನಮ್ಮವರನ್ನು ಕೈ ಬಿಡಬಾರದು" ಎಂದು ಒಬ್ಬರು ಮೈಕಿನಲ್ಲಿ ಹೇಳಿಬಿಡುತ್ತಾರೆ. ಕೆಳಗೆ ಚಪ್ಪಾಳೆ ಹೊಡೆದ ನೂರಾರು ನೌಕರರು ಏನು ಮಾಡಿದಂತಾಯಿತು? ಪಕ್ಷದ ಬಾವುಟ ಇಲ್ಲದ ಕಾರಣಕ್ಕೆ ಅದು ರಾಜಕೀಯ ಅಲ್ಲ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ. ನನ್ನ ಕೇಳಿದರೆ ಹೊಡೆದ ಚಪ್ಪಾಳೆಗೆ ನೋಟಿಸ್ ಕೊಡಬೇಕಿಲ್ಲ. ಆದರೆ ಅಲ್ಲಿ ಸುಮ್ಮನಿರುವ ಮೇಲಧಿಕಾರಿ ಶಲ್ಯ ಹಾಕಿಕೊಂಡ ಗುಮಾಸ್ತನ ಫೋಟೋ ಬಂದಾಗ ಮಾತ್ರ ಎದ್ದು ಕೂರುತ್ತಾರೆ, ಇದು ಯಾಕೆ ಅಂತ ಕೇಳಬೇಕು.

ಕಾರ್ಮಿಕ ಸಂಘಗಳ ಕಥೆಯೂ ಇದರ ಪಕ್ಕದಲ್ಲೇ ಇದೆ. ರಾಯಚೂರು ಜಿಲ್ಲೆಯಲ್ಲಿ ಎಡಪಕ್ಷಗಳ ಸಂಘಟನೆ ಹಳೆಯದು. ಹಟ್ಟಿ ಚಿನ್ನದ ಗಣಿಯಲ್ಲಿ ಎಐಟಿಯುಸಿ, ಸಿಐಟಿಯು, ಟಿಯುಸಿಐ ಎಂದು ಬ್ಯಾನರ್ ಕಟ್ಟಿ ಸಂಘದ ಚುನಾವಣೆ ನಡೆಯುತ್ತದೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಕಲಮಿನ ಪ್ರಕಾರ ನೋಂದಾಯಿತ ಸಂಘ ಬೇರೆಯಾಗಿ ಒಂದು ರಾಜಕೀಯ ನಿಧಿಯನ್ನೂ ಇಡಬಹುದಿತ್ತು, ಅದಕ್ಕೆ ಕೊಡು ಅಂತ ಸದಸ್ಯನನ್ನು ಒತ್ತಾಯ ಮಾಡುವಂತಿರಲಿಲ್ಲ ಅಷ್ಟೇ. ಪೌರಕಾರ್ಮಿಕರ ಸಂಘಗಳು ಕೂಡ ಇಂಥ ಕೇಂದ್ರ ಸಂಘಟನೆಗಳ ನೆರಳಲ್ಲೇ ಬೆಳೆದಿವೆ. ಸಂಬಳ ತಡವಾದಾಗ, ಗ್ಲೌಸು, ಬೂಟು ಕೊಡದಾಗ ಕಚೇರಿ ಬಾಗಿಲಲ್ಲಿ ಬಂದು ಕೂರುವವರು ಅವರೇ. ಸಂಬಳಕ್ಕಾಗಿ ಧರಣಿ ಕೂತವರ ಮೇಲೆ "ರಾಜಕೀಯ ಚಟುವಟಿಕೆ" ಎಂದು ಬರೆಯುವುದು ತಪ್ಪು. ಶಾಂತಿಯುತ ಪ್ರದರ್ಶನವನ್ನು ನೌಕರರಿಗೆ ಪೂರ್ತಿ ನಿಷೇಧಿಸುವ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಬಿಹಾರದ ಪ್ರಕರಣದಲ್ಲಿ ತಳ್ಳಿಹಾಕಿದೆ. ಮುಷ್ಕರದ ವಿಷಯ ಬೇರೆ: ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕಿಲ್ಲ ಎಂದು ಅದೇ ಕೋರ್ಟ್ 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿದೆ.

ಮುಷ್ಕರ ಅಂದಾಗ ಒಂದು ಮಾತು ನೆನಪಾಗುತ್ತದೆ. 2025ರಲ್ಲಿ ರಾಜ್ಯದ ಪೌರ ನೌಕರರು ಕೆಲಸ ನಿಲ್ಲಿಸಿ ಬೀದಿಗೆ ಬಂದಾಗ ಅವರ ದೊಡ್ಡ ಬೇಡಿಕೆ ಏನಿತ್ತು? ನಮ್ಮನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ, ಅವರಿಗಿರುವ ಸೌಲಭ್ಯ ನಮಗೂ ಕೊಡಿ. ಅಂದರೆ ವಿಮೆ, ಭವಿಷ್ಯ ನಿಧಿ, ಆಸ್ಪತ್ರೆ ಖರ್ಚು ಕೇಳಿದಾಗ ಇವರು ಸ್ಥಳೀಯ ಸಂಸ್ಥೆಯವರು. ಶಿಸ್ತಿನ ಮಾತು ಬಂದಾಗ ಸರ್ಕಾರಿ ನೌಕರರು. ಉಣ್ಣುವಾಗ ಹೊರಗಿನವರು, ದುಡಿಯುವಾಗ ಮನೆಯವರು ಅಂದಂತೆ ಆಯಿತು ಇದು.

ಪಾಲಿಕೆ ನೌಕರನ ಸ್ಥಿತಿ ವಿಧಾನಸೌಧದ ನೌಕರನಿಗಿಂತ ಬೇರೆ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಸಚಿವಾಲಯದ ಗುಮಾಸ್ತ ರಾಜಕಾರಣಿಯನ್ನು ದೂರದಿಂದ ನೋಡುತ್ತಾನೆ. ಪಾಲಿಕೆಯವನಿಗೆ ರಾಜಕಾರಣಿ ದಿನಾ ಎದುರಿಗೇ ಸಿಗುತ್ತಾನೆ. ಬಳ್ಳಾರಿ ಪಾಲಿಕೆಯಲ್ಲಿ 39 ವಾರ್ಡು, 39 ಸದಸ್ಯರು. 2021ರಲ್ಲಿ ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5 ಗೆದ್ದಿದ್ದರು. ಪ್ರತಿ ಸದಸ್ಯರಿಗೂ ತಮ್ಮ ವಾರ್ಡಿನ ಬಿಲ್ ಕಲೆಕ್ಟರ್, ವಾಲ್ವ್‌ಮ್ಯಾನ್, ಸ್ಯಾನಿಟರಿ ಇನ್‌ಸ್ಪೆಕ್ಟರ್ ಯಾರು ಅಂತ ಹೆಸರು ಹಿಡಿದು ಗೊತ್ತು, ಮೊಬೈಲ್ ನಂಬರ್ ಸಮೇತ.

ನಮ್ಮ ಊರುಗಳಲ್ಲಿ ನೀರು ದಿನಾ ಬರುವುದಿಲ್ಲ, ಪಾಳಿ ಇರುತ್ತದೆ. ಬೇಸಿಗೆಯಲ್ಲಿ ಆ ಪಾಳಿಯೇ ಓಣಿಯ ದೊಡ್ಡ ಸುದ್ದಿ. ಬೆಳಗಿನ ಜಾವ ವಾಲ್ವ್ ತಿರುಗಿಸಲು ಹೋದವನಿಗೆ ವಾರ್ಡ್ ಸದಸ್ಯರ ಫೋನ್ ಬರುತ್ತದೆ.

"ಇವತ್ತ ನಮ್ಮ ಓಣಿಗೆ ಬಿಡಪಾ."

"ಪಾಳಿ ನಾಳಿಗೆ ಐತ್ರಿ ಸಾಹೇಬ್ರ. ಇವತ್ತ ಆ ಕಡಿ ಐತಿ."

"ಆ ಕಡಿ ಯಾರಿಗಿ ಓಟ್ ಹಾಕ್ಯಾರಂತ ಗೊತ್ತಿಲ್ಲೇನ್ ನಿನಗ? ಬಿಡು ಅಂದ್ರ ಬಿಡು."

ವಾಲ್ವ್ ತಿರುಗಿದರೆ ಅದು ರಾಜಕೀಯ. ಮತ ಹಾಕದ ಓಣಿಗೆ ಶಿಕ್ಷೆ, ಹಾಕಿದ ಓಣಿಗೆ ಬಹುಮಾನ. ಇದಕ್ಕಿಂತ ನೇರವಾದ ಚುನಾವಣಾ ಕೆಲಸ ಯಾವುದಿದೆ ಹೇಳಿ? ಆದರೆ ಐದನೇ ನಿಯಮದ ಅಡಿಯಲ್ಲಿ ಇದಕ್ಕೆ ಯಾರೂ ನೋಟಿಸ್ ಕೊಡುವುದಿಲ್ಲ. ಶಲ್ಯ ಕಾಣುತ್ತದೆ, ವಾಲ್ವ್ ಕಾಣುವುದಿಲ್ಲ. ಇದೇ ಥರ ಖಾತಾ ಫೈಲು ಒಬ್ಬರದು ವಾರದಲ್ಲಿ ಆಗುತ್ತದೆ, ಇನ್ನೊಬ್ಬರದು ಆಕ್ಷೇಪಣೆ ಮೇಲೆ ಆಕ್ಷೇಪಣೆ ಬಂದು ಕೂರುತ್ತದೆ. ಅನಧಿಕೃತ ಕಟ್ಟಡದ ನೋಟಿಸ್ ಒಂದು ಪಕ್ಷದವರ ಕಾಂಪ್ಲೆಕ್ಸಿಗೆ ಹೋಗುತ್ತದೆ, ಪಕ್ಕದ ಕಾಂಪ್ಲೆಕ್ಸಿಗೆ ಹೋಗುವುದಿಲ್ಲ. ಸಚಿವರ ಕಾರ್ಯಕ್ರಮಕ್ಕೆ ಜನ ಕಡಿಮೆ ಎಂದು ಸ್ವಸಹಾಯ ಸಂಘದ ಮಹಿಳೆಯರನ್ನು ಕರೆತರುವ ಜವಾಬ್ದಾರಿ ಕಚೇರಿಯ ಸಿಬ್ಬಂದಿ ಮೇಲೆ ಬೀಳುತ್ತದೆ. ಸರ್ಕಾರಿ ಕಾರ್ಯಕ್ರಮ ಅಂತ ಹೆಸರು, ಭಾಷಣ ಮಾತ್ರ ಚುನಾವಣೆಯದ್ದು.

ನನ್ನ ವಾದ ಇಷ್ಟೇ. ನಿಯಮ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ತೆರಿಗೆ ನೋಟಿಸ್ ಕೊಡುವವನ ಕೊರಳಲ್ಲಿ ಪಕ್ಷದ ಶಲ್ಯ ಇದ್ದರೆ ಇನ್ನೊಂದು ಪಕ್ಷದ ಮನೆಯವನು ಅವನನ್ನು ನಂಬುವುದು ಹೇಗೆ? ಆದರೆ ಈಗ ನಿಯಮ ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುವ ಸಣ್ಣ ತಪ್ಪಿನ ಮೇಲೆ. ಕಡತದಲ್ಲಿ ನಡೆಯುವ ದೊಡ್ಡ ತಪ್ಪಿನ ಹತ್ತಿರ ಹೋಗುವುದೇ ಇಲ್ಲ. ಸಣ್ಣ ತಪ್ಪು ಮಾಡುವವರು ಬಹುಪಾಲು ಕೆಳಗಿನವರು.

ಮೇಲಿನವರಿಗೆ ಬೇರೆ ದಾರಿಗಳಿವೆ. ನಿವೃತ್ತರಾದ ಮೇಲೆ ಯಾವ ನಿಯಮವೂ ತಡೆಯುವುದಿಲ್ಲ. ರಾಯಚೂರಿನ ಈಗಿನ ಲೋಕಸಭಾ ಸದಸ್ಯ ಜಿ. ಕುಮಾರ ನಾಯಕ ಐಎಎಸ್ ಅಧಿಕಾರಿಯಾಗಿದ್ದವರು, ನಿವೃತ್ತಿಯ ನಂತರ 2024ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಅಧಿಕಾರಿಗಳು ಕೆಲಸ ಬಿಟ್ಟ ಮೇಲೆ ಇಷ್ಟು ಕಾಲ ಚುನಾವಣೆಗೆ ನಿಲ್ಲಬಾರದು ಎಂಬ ಅಂತರ ಇಡಿ ಅಂತ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಲಿಲ್ಲ, ಅದು ಶಾಸನ ಮಾಡುವವರ ಕೆಲಸ ಅಂದಿತು. ನಾನು ಹೇಳುವುದು ಇಷ್ಟೇ: ರಾಜಕೀಯದ ಆಸೆ ನೌಕರನಿಗೆ ಇರಬಾರದು ಅಂತ ಯಾವ ಕಾನೂನೂ ಹೇಳುತ್ತಿಲ್ಲ, ಸೇವೆಯಲ್ಲಿ ಇರುವಾಗ ಆ ಆಸೆ ಕೆಲಸದೊಳಗೆ ಬರಬಾರದು ಅನ್ನುತ್ತದೆ. ಬಿಲ್ ಕಲೆಕ್ಟರ್‌ಗೂ ಇದೇ ಮಾತು. ಅವನಿಗೂ ವಾರ್ಡಿಗೆ ನಿಲ್ಲಬೇಕು ಅನ್ನಿಸಿದರೆ ರಾಜೀನಾಮೆ ಕೊಟ್ಟು ನಿಲ್ಲಬಹುದು, ಆದರೆ ರಾಜೀನಾಮೆ ಅಂಗೀಕಾರ ಆಗುವ ತನಕ ಅವನು ನೌಕರನೇ.

ಆ ತಾರೀಕು ಎಷ್ಟು ಮುಖ್ಯ ಅನ್ನುವುದಕ್ಕೆ ದೇಶದ ಅತಿ ದೊಡ್ಡ ಉದಾಹರಣೆ ರಾಯ್‌ಬರೇಲಿಯದ್ದು. 1971ರಲ್ಲಿ ಇಂದಿರಾ ಗಾಂಧಿ ಅವರ ಕಚೇರಿಯಲ್ಲಿದ್ದ ಯಶ್‌ಪಾಲ್ ಕಪೂರ್ ರಾಜೀನಾಮೆ ಕೊಟ್ಟು ಚುನಾವಣಾ ಕೆಲಸಕ್ಕೆ ಇಳಿದರು. ರಾಜೀನಾಮೆ ಜಾರಿಗೆ ಬರುವ ಮೊದಲೇ ಕೆಲಸ ಶುರುಮಾಡಿದ್ದರು ಎಂದು ಅಲಹಾಬಾದ್ ಹೈಕೋರ್ಟ್ ಕಂಡುಕೊಂಡಿತು. 1975ರ ಜೂನ್ 12ರಂದು ಪ್ರಧಾನಿಯ ಆಯ್ಕೆಯನ್ನೇ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ರದ್ದು ಮಾಡಿದ ಕಾರಣಗಳಲ್ಲಿ ಇದೂ ಒಂದು. ಆಮೇಲೆ ಕಾನೂನು ಬದಲಾಯಿತು, ಸುಪ್ರೀಂ ಕೋರ್ಟಿನಲ್ಲಿ ಇಂದಿರಾ ಗೆದ್ದರು, ಅಷ್ಟರಲ್ಲಿ ತುರ್ತುಪರಿಸ್ಥಿತಿ ಬಂದಿತ್ತು.

ರಾಯ್‌ಬರೇಲಿ ಪ್ರಕರಣದ ಹಿಂದಿದ್ದ ಕಲಮು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ರ 7ನೇ ಉಪಕಲಮು. ಅಭ್ಯರ್ಥಿ ಗೆಜೆಟೆಡ್ ಅಧಿಕಾರಿ, ಪೊಲೀಸ್, ಕಂದಾಯ ಅಧಿಕಾರಿ ಮುಂತಾದವರ ನೆರವು ಪಡೆದರೆ ಅದು ಭ್ರಷ್ಟ ಚುನಾವಣಾ ನಡೆ. ಸ್ಥಳೀಯ ಸಂಸ್ಥೆಯ ನೌಕರರು ಈ ಪಟ್ಟಿಗೆ ಸೇರಿದ್ದು 2009ರ ತಿದ್ದುಪಡಿಯಲ್ಲಿ, ಅದೂ ಚುನಾವಣಾ ಆಯೋಗ ಅವರನ್ನು ಚುನಾವಣೆ ಕೆಲಸಕ್ಕೆ ನೇಮಿಸಿದ್ದರೆ ಮಾತ್ರ. ಪಾಲಿಕೆ ನೌಕರರಲ್ಲಿ ಬಿಎಲ್‌ಒ (ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವವರು), ಮತಗಟ್ಟೆ ಅಧಿಕಾರಿ ಎಂದು ನೇಮಕ ಆಗುವವರು ಬಹಳ ಜನ, ಇದನ್ನು ಅವರು ಮರೆಯಬಾರದು. ಹಾಗೆ ನೇಮಕವಾದವರು ಅಭ್ಯರ್ಥಿ ಪರ ಕೆಲಸ ಮಾಡಿದರೆ 129ನೇ ಕಲಮಿನಡಿ ಆರು ತಿಂಗಳ ತನಕ ಜೈಲು. ಸರ್ಕಾರಿ ಸೇವೆಯಲ್ಲಿರುವವರು ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್, ಎಣಿಕೆ ಏಜೆಂಟ್ ಆಗಿ ಕೂತರೆ 134ಎ ಕಲಮಿನಡಿ ಮೂರು ತಿಂಗಳ ತನಕ. ಇವು ವಿಧಾನಸಭೆ, ಲೋಕಸಭೆ ಚುನಾವಣೆಯ ಮಾತು. ವಾರ್ಡು ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ.

ನೀತಿ ಸಂಹಿತೆ ಜಾರಿಯಾದ ದಿನ ಪಾಲಿಕೆ ನೌಕರನ ಪಾಡು ನೋಡಬೇಕು. ಸರ್ಕಾರಿ ಆಸ್ತಿ ಮೇಲಿನ ಫ್ಲೆಕ್ಸು 24 ಗಂಟೆಯೊಳಗೆ, ಬಸ್ ನಿಲ್ದಾಣ, ಕಂಬ, ರಸ್ತೆಯಂಥ ಸಾರ್ವಜನಿಕ ಜಾಗದ್ದು 48 ಗಂಟೆಯೊಳಗೆ, ಖಾಸಗಿ ಜಾಗದ್ದು 72 ಗಂಟೆಯೊಳಗೆ ಇಳಿಯಬೇಕು. ಮಧ್ಯಾಹ್ನ ಆಯೋಗದ ಪತ್ರಿಕಾಗೋಷ್ಠಿ ಮುಗಿಯಿತೋ ಇಲ್ಲವೋ, ಏಣಿ, ಕಟರ್, ಟ್ರ್ಯಾಕ್ಟರ್ ಹೊರಡುತ್ತವೆ. ಏಣಿ ಹತ್ತಿದವನ ಕೈಯಲ್ಲಿ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸಿನ ಮೂಲೆ. ಕೆಳಗೆ ನಾಲ್ಕು ಹುಡುಗರು ಮೊಬೈಲ್ ಹಿಡಿದು ಶೂಟ್ ಮಾಡುತ್ತಿರುತ್ತಾರೆ: "ಅವರದು ಯಾಕ ಬಿಟ್ಟಿ? ನಮ್ಮದಷ್ಟ ಕಾಣ್ತೈತೇನು?" ಆ ವಿಡಿಯೋ ಸಂಜೆಗೆ ಗ್ರೂಪಿನಲ್ಲಿ. ಒಂದು ಪಕ್ಷದವನು ಅಂತ ಹೆಸರು ಬಂದುಬಿಡುತ್ತದೆ, ಅವನು ಮಾಡಿದ್ದು ಆದೇಶ ಪಾಲನೆ ಮಾತ್ರ.

ಇಂಥ ಹೊತ್ತಲ್ಲಿ ನಡತೆ ನಿಯಮವೇ ನೌಕರನಿಗೆ ಗುರಾಣಿ ಆಗಬಹುದು, ಆದರೆ ಇದನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. ನಮ್ಮ ನಡತೆ ನಿಯಮದಲ್ಲಿ ಒಂದು ಒಳ್ಳೇ ಮಾತಿದೆ: ನೌಕರ ತನ್ನ ವಿವೇಚನೆಯಂತೆ ಕೆಲಸ ಮಾಡಬೇಕು, ಮೇಲಧಿಕಾರಿ ಹೇಳಿದ್ದಕ್ಕೆ ಮಾಡುವುದಾದರೆ ಸಾಧ್ಯ ಇದ್ದಲ್ಲೆಲ್ಲ ಅದನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ವಾರ್ಡ್ ಸದಸ್ಯ ವಾಲ್ವ್‌ಮ್ಯಾನ್‌ಗೆ ಮೇಲಧಿಕಾರಿಯೇ ಅಲ್ಲ. ಅವರ ಫೋನಿಗೆ ಆದೇಶದ ತೂಕ ಇಲ್ಲ. "ಎಇ (ಸಹಾಯಕ ಎಂಜಿನಿಯರ್) ಸಾಹೇಬ್ರಿಂದ ಒಂದು ಚೀಟಿ ಕಳಿಸ್ರಿ, ಈಗಲೇ ಬಿಡ್ತೀನಿ" ಅಂದರೆ ಹೆಚ್ಚಿನ ಫೋನುಗಳು ಅಲ್ಲಿಗೇ ನಿಲ್ಲುತ್ತವೆ. ಹಾಗೆ ಅಂದವನನ್ನು ಮುಂದಿನ ತಿಂಗಳು ಊರ ಇನ್ನೊಂದು ತುದಿಗೆ ಹಾಕುವುದೂ ಉಂಟು, ಅದನ್ನು ಮುಚ್ಚಿಡಬೇಕಿಲ್ಲ. ಅಮಾನತಾದರೆ ಮೊದಲು ಸಿಗುವುದು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ. ರಾಯಚೂರಿನವರು ಹೈಕೋರ್ಟಿಗೆ ಹೋಗಬೇಕೆಂದರೆ ಕಲಬುರಗಿ, ಕೊಪ್ಪಳ, ಬಳ್ಳಾರಿಯವರು ಧಾರವಾಡ. ಪೌರಕಾರ್ಮಿಕರಿಗೆ ಬಸ್ ಖರ್ಚು ಕೂಡ ದೊಡ್ಡದೇ.

ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಬೇರೆ ದಾರಿ ಹುಡುಕಿದ್ದಾರೆ. 1989ರ ಅವರ ಕಾಯ್ದೆ ಎಲ್ಲ ನೌಕರರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದಿಲ್ಲ. ಮುಖ್ಯ ಅಧಿಕಾರಿಗಳು, ಕೌನ್ಸಿಲ್‌ಗೆ ಸಲಹೆ ಕೊಡುವವರು, ಇಂಥ ಹುದ್ದೆಗಳಿಗೆ ಮಾತ್ರ ರಾಜಕೀಯ ನಿರ್ಬಂಧ. ಉಳಿದವರು ಪಕ್ಷದ ಸದಸ್ಯರಾಗಬಹುದು, ತಾವು ಕೆಲಸ ಮಾಡುವ ಕೌನ್ಸಿಲ್ ಬಿಟ್ಟು ಬೇರೆ ಕಡೆ ನಿಲ್ಲಲೂಬಹುದು. ನಮ್ಮಲ್ಲಿ ಹಾಗೇ ನಕಲು ಮಾಡಿ ಎಂದು ನಾನು ಹೇಳಲಾರೆ. ಇಲ್ಲಿ ಖಾತಾ ಬರೆಯುವ ಗುಮಾಸ್ತನ ಕೈಯಲ್ಲೂ ಮನೆಯೊಂದರ ಭವಿಷ್ಯ ಇರುತ್ತದೆ. ಆದರೆ ರಸ್ತೆ ಗುಡಿಸುವವರಿಗೂ ಪೌರಾಯುಕ್ತರಿಗೂ ಒಂದೇ ಅಳತೆ ಯಾಕೆ ಅನ್ನುವ ಪ್ರಶ್ನೆ ಸರಿಯಾದದ್ದೇ. ಪೌರಾಡಳಿತ ನಿರ್ದೇಶನಾಲಯ ಹುದ್ದೆ ಹುದ್ದೆಗೂ ಏನು ಮಾಡಬಹುದು, ಏನು ಮಾಡಬಾರದು ಎಂದು ಕನ್ನಡದಲ್ಲಿ ಒಂದು ಸುತ್ತೋಲೆ ಬರೆದರೆ ಅರ್ಧ ಗೊಂದಲ ಮುಗಿಯುತ್ತದೆ. ಸಭೆಗೆ ಹೋಗುವುದು, ಸ್ಟೇಟಸ್ ಹಾಕುವುದು, ಹೆಂಡತಿ ಚುನಾವಣೆಗೆ ನಿಲ್ಲುವುದು, ಸಂಘದ ಸದಸ್ಯತ್ವ, ಸದಸ್ಯರ ಬಾಯಿಮಾತಿನ ಆದೇಶ, ಈ ಐದಕ್ಕೆ ಉತ್ತರ ಇದ್ದರೂ ಸಾಕು.

ಸುತ್ತೋಲೆ ಬಂದರೂ ಒಂದು ಗುಂಪು ಹೊರಗೇ ಉಳಿಯುತ್ತದೆ. ಕಸದ ಆಟೋ ಓಡಿಸುವವರು, ಲೋಡರ್‌ಗಳು, ಡಾಟಾ ಎಂಟ್ರಿ ಮಾಡುವವರು, ಎಷ್ಟೋ ಕಡೆ ವಾಲ್ವ್ ತಿರುಗಿಸುವವರೂ ಹೊರಗುತ್ತಿಗೆಯವರು. ಅವರು ಏಜೆನ್ಸಿಯ ಆಳುಗಳು, ನಡತೆ ನಿಯಮ ಅವರಿಗೆ ತಾಗುವುದಿಲ್ಲ. ಕಾಗದದ ಪ್ರಕಾರ ಅವರು ಯಾವ ಪಕ್ಷದ ಬಾವುಟವನ್ನಾದರೂ ಹಿಡಿಯಬಹುದು. ನಿಜದಲ್ಲಿ ಅವರಷ್ಟು ಕಟ್ಟಿಹಾಕಿಸಿಕೊಂಡವರು ಯಾರೂ ಇಲ್ಲ. ಕಾಯಂ ನೌಕರನಿಗೆ ನೋಟಿಸ್ ಬರಬೇಕು, ವಿಚಾರಣೆ ಆಗಬೇಕು. ಇವರಿಗೆ "ನಾಳೆಯಿಂದ ಬರಬೇಡ" ಅಂದರೆ ಮುಗಿಯಿತು. ಏಜೆನ್ಸಿಯ ಹಿಂದೆ ಯಾವುದೋ ಪಕ್ಷದ ನಾಯಕರ ಸಂಬಂಧಿ ಇದ್ದರೆ ರ‍್ಯಾಲಿ ದಿನ ಆಟೋ ಸಮೇತ ಬಾ ಅನ್ನುವುದು ಕಷ್ಟವೇನಲ್ಲ. ಹೊರಗುತ್ತಿಗೆ ಟೆಂಡರಿನ ಷರತ್ತುಗಳಲ್ಲಿ ವೇತನ, ಪಿಎಫ್, ಇಎಸ್‌ಐ ಬಗ್ಗೆ ಬರೆಯುತ್ತಾರೆ. ಅದೇ ಪುಟದಲ್ಲಿ ಇನ್ನೆರಡು ಸಾಲು ಸೇರಿಸಬಹುದು: ಕೆಲಸಗಾರರನ್ನು ಪಕ್ಷದ ಕಾರ್ಯಕ್ರಮಕ್ಕೆ ಕಳಿಸಿದರೆ ಗುತ್ತಿಗೆ ರದ್ದು, ರಾಜಕೀಯ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಡ. ಟೆಂಡರ್ ಕರೆಯುವ ಪೌರಾಯುಕ್ತರು ಮನಸ್ಸು ಮಾಡಿದರೆ ಮುಂದಿನ ಟೆಂಡರಿನಲ್ಲೇ ಬರೆಯಬಹುದು.